ಬರದ ಜಿಲ್ಲೆಯಲ್ಲಿ ಬಿರುಮಳೆಯ ಸಿದ್ಧತೆ: ಅಂಗಡಿ, ಕಾರ್ಖಾನೆ ಮತ್ತು ಸರ್ಕಾರಿ ಕಚೇರಿಗಳ ಹೊಣೆ

ಚಿತ್ರದುರ್ಗ ಜಿಲ್ಲೆಯ ವರ್ತಕರಿಗೆ ಬರಗಾಲದ ಲೆಕ್ಕ ಹೊಸದಲ್ಲ. ಮಳೆ ಕೈಕೊಟ್ಟರೆ ಮಂಡಿಗೆ ಬರುವ ಮಾಲು ಎಷ್ಟು ತಗ್ಗುತ್ತದೆ, ಉದ್ರಿ ವಸೂಲಿ ಎಷ್ಟು ತಿಂಗಳು ಮುಂದೆ ಹೋಗುತ್ತದೆ, ಯಾವ ಸರಕನ್ನು ಎಷ್ಟು ದಾಸ್ತಾನು ಮಾಡಬೇಕು ಎಂಬುದನ್ನು ತಲೆಮಾರುಗಳ ಅನುಭವ ಕಲಿಸಿದೆ. ಆದರೆ ಒಂದೇ ರಾತ್ರಿಯಲ್ಲಿ ತಿಂಗಳ ಮಳೆ ಸುರಿದರೆ ಗೋದಾಮಿನ ಗತಿಯೇನು, ವಾರಗಟ್ಟಲೆ ವಿದ್ಯುತ್ ಇಲ್ಲದಿದ್ದರೆ ಕಾರ್ಖಾನೆಯ ಗತಿಯೇನು ಎಂಬ ಲೆಕ್ಕವನ್ನು ಬರೆದಿಟ್ಟುಕೊಂಡಿರುವ ಸಂಸ್ಥೆಗಳು ವಿರಳ. ಬರದ ನಾಡಿಗೆ ನೆರೆ ಬಾರದು ಎಂಬ ನಂಬಿಕೆಯೇ ಇದಕ್ಕೆ ಕಾರಣ. ಈ ನಂಬಿಕೆಯನ್ನು ಪರಿಶೀಲಿಸಿ, ಮಳೆಗಾಲಕ್ಕೆ ಮುನ್ನ ಮತ್ತು ಹಾನಿಯ ನಂತರ ಕೈಗೊಳ್ಳಬೇಕಾದ ಕ್ರಮಗಳನ್ನು ವಿವರಿಸುವುದು ಈ ಪಾಠದ ಉದ್ದೇಶ.

ಮಾರಿಕಣಿವೆ ಹೇಳುವ ಪಾಠ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ ಕಟ್ಟಿಸಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. 130 ಅಡಿ ಪೂರ್ಣಮಟ್ಟದ, ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯ ಮೊದಲ ಬಾರಿಗೆ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಬಾರಿ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, ಅಂದರೆ 89 ವರ್ಷಗಳ ತರುವಾಯ. ಮೂರನೆಯ ಬಾರಿ 2025ರ ಜನವರಿಯಲ್ಲಿ. ಇವೆರಡರ ನಡುವಿನ ಅಂತರ ಎರಡೂವರೆ ವರ್ಷಕ್ಕೂ ಕಡಿಮೆ. ಇದೇ ಅವಧಿಯಲ್ಲಿ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು ಎಂಬುದೂ ಗಮನಾರ್ಹ.

ಈ ಅಂಕಿಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಬರ ಮತ್ತು ನೆರೆ ಒಂದನ್ನೊಂದು ದೂರವಿಡುವ ಸಂಗತಿಗಳಲ್ಲ. ಒಂದೇ ತಾಲ್ಲೂಕು ಎರಡು ಮೂರು ವರ್ಷಗಳೊಳಗೆ ಎರಡನ್ನೂ ಕಾಣಬಹುದು. ಎರಡನೆಯದಾಗಿ, ಜಲಾಶಯ ಸದಾ ಅರೆಬರೆ ತುಂಬಿರುತ್ತದೆ, ಎಷ್ಟೇ ಮಳೆ ಬಂದರೂ ಅದು ನುಂಗಿಕೊಳ್ಳುತ್ತದೆ ಎಂಬ ಹಳೆಯ ಲೆಕ್ಕ ಇನ್ನು ನಡೆಯದು. ಭದ್ರಾ ಮೇಲ್ದಂಡೆ ಯೋಜನೆಯಡಿ ಭದ್ರಾ ನೀರು ಈ ಜಲಾಶಯಕ್ಕೆ ಹರಿಯತೊಡಗಿರುವುದರಿಂದ ಮಳೆಗಾಲದ ಆರಂಭದಲ್ಲೇ ನೀರಿನ ಮಟ್ಟ ಹೆಚ್ಚಿರುವ ಸಾಧ್ಯತೆಯಿದೆ. ಕೃಷಿಗೂ ಕುಡಿಯುವ ನೀರಿಗೂ ಇದು ವರದಾನ. ಆದರೆ ಕೋಡಿ ಹರಿಯದ 89 ವರ್ಷಗಳಲ್ಲಿ ನದಿಯ ಕೆಳಭಾಗದಲ್ಲಿ ಬೆಳೆದ ಪೇಟೆ, ಅಂಗಡಿ, ಗೋದಾಮುಗಳು ತುಂಬಿದ ನದಿಯನ್ನು ನೋಡಿಯೇ ಕಟ್ಟಿದವುಗಳಲ್ಲ. ಸಿದ್ಧತೆಯ ಅಗತ್ಯ ಇಲ್ಲಿಂದಲೇ ಆರಂಭವಾಗುತ್ತದೆ.

ಬಿರುಗಾಳಿಯ ಪಂಚಾಂಗ

ಸಮುದ್ರದ ಮೇಲೆ ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದಾಗ ಭಾರತ ಹವಾಮಾನ ಇಲಾಖೆ ಅದನ್ನು ಚಂಡಮಾರುತವೆಂದು ಕರೆದು ಹೆಸರಿಡುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿ ಇದೇ ಬಗೆಯ ಪ್ರಬಲ ಬಿರುಗಾಳಿಗೆ ಹರಿಕೇನ್ ಎಂದೂ ಪೆಸಿಫಿಕ್ ಸಾಗರದ ಪಶ್ಚಿಮದಲ್ಲಿ ಟೈಫೂನ್ ಎಂದೂ ಹೆಸರು. ಅಮೆರಿಕದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಋತುವೆಂದು ಗೊತ್ತುಪಡಿಸಲಾಗಿದ್ದು, ಆ ದಿನಾಂಕಕ್ಕೆ ಮುನ್ನ ಕಚೇರಿ, ಕಾರ್ಖಾನೆಗಳು ತಮ್ಮ ಸಿದ್ಧತೆಯನ್ನು ಪರಿಶೀಲಿಸಿಕೊಳ್ಳುವ ರೂಢಿಯಿದೆ. ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರಗಳಲ್ಲಿ ಇಂತಹ ಋತುಗಳು ಎರಡು: ಮುಂಗಾರಿಗೆ ಮುಂಚಿನ ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ ಒಂದು, ಮುಂಗಾರು ಹಿಂದಿರುಗುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು.

ಚಿತ್ರದುರ್ಗವು ಅರಬ್ಬೀ ಸಮುದ್ರದಿಂದ ಸುಮಾರು 200 ಕಿ.ಮೀ., ಬಂಗಾಳ ಕೊಲ್ಲಿಯಿಂದ ಸುಮಾರು 400 ಕಿ.ಮೀ. ದೂರದಲ್ಲಿದೆ. ಚಂಡಮಾರುತದ ಪೂರ್ಣ ರಭಸ ಇಲ್ಲಿಗೆ ತಲುಪದು. ತಲುಪುವುದು ಅದು ಹೊತ್ತು ತರುವ ಮಳೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ದಾಟಿದ ‘ಫೆಂಗಲ್’ ಚಂಡಮಾರುತವು ದುರ್ಬಲಗೊಂಡ ನಂತರವೂ ಪಶ್ಚಿಮಕ್ಕೆ ಸರಿದು ದಕ್ಷಿಣ ಕರ್ನಾಟಕದಲ್ಲಿ ಮಳೆ ಸುರಿಸಿತು. 2021ರ ನವೆಂಬರಿನಲ್ಲಿ ದಕ್ಷಿಣ ಒಳನಾಡಿನ ಜಿಲ್ಲೆಗಳಲ್ಲಿ ಸುರಿದ ಅಕಾಲಿಕ ಮಳೆ ಕಟಾವಿಗೆ ಬಂದಿದ್ದ ರಾಗಿಯನ್ನು ಹೊಲದಲ್ಲೇ ಮಲಗಿಸಿತು. ಬೆಳೆ ಕಳೆದುಕೊಂಡವನು ರೈತನಾದರೂ, ಗೊಬ್ಬರ ಮತ್ತು ಬಿತ್ತನೆ ಬೀಜವನ್ನು ಉದ್ರಿ ಕೊಟ್ಟಿದ್ದ ವರ್ತಕನಿಗೂ ಇಂತಹ ಮಳೆಯ ಪೆಟ್ಟು ತಪ್ಪದು.

ಇದನ್ನು ನಾಡಿನ ಮಳೆ ನಕ್ಷತ್ರಗಳ ಲೆಕ್ಕಕ್ಕೆ ಹೊಂದಿಸಿದರೆ ನೆನಪಿಡುವುದು ಸುಲಭ. ಅಶ್ವಿನಿ, ಭರಣಿ ಮಳೆಗಳು ಬೀಳುವ ಏಪ್ರಿಲ್–ಮೇ ತಿಂಗಳಲ್ಲಿ ಗುಡುಗು, ಸಿಡಿಲು, ಆಲಿಕಲ್ಲು ಮತ್ತು ತಗಡು ಹಾರಿಸುವ ಬಿರುಗಾಳಿಯ ಭಯ ಹೆಚ್ಚು. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಬೀಳುವ ಸೆಪ್ಟೆಂಬರ್ ಅಂತ್ಯದಿಂದ ನವೆಂಬರ್ ಆರಂಭದವರೆಗೆ ಕೆರೆ, ಹಳ್ಳಗಳು ತುಂಬಿ ನೀರು ನುಗ್ಗುವ ಭಯ ಹೆಚ್ಚು. ಆದ್ದರಿಂದ ಸಿದ್ಧತೆಯೂ ವರ್ಷಕ್ಕೆ ಎರಡು ಬಾರಿ ನಡೆಯಬೇಕು. ಮಾರ್ಚ್ ಅಂತ್ಯದಲ್ಲಿ ದಾಸ್ತಾನು ಎಣಿಸುವಾಗ ಮೊದಲ ಪರಿಶೀಲನೆ ಮಾಡಿ, ಗಣೇಶ ಚತುರ್ಥಿಯ ಹೊತ್ತಿಗೆ ಎರಡನೆಯದನ್ನು ಮುಗಿಸುವುದು ಸೂಕ್ತ. ಆಯುಧಪೂಜೆಗೆ ಯಂತ್ರಗಳನ್ನು ಶುಚಿಗೊಳಿಸುವಾಗ ಅದನ್ನೇ ಮತ್ತೊಮ್ಮೆ ಖಚಿತಪಡಿಸಿಕೊಳ್ಳಬಹುದು. ಹೊಸ ದಿನಾಂಕಗಳನ್ನು ನೆನಪಿಡುವ ತೊಂದರೆ ಇದರಿಂದ ತಪ್ಪುತ್ತದೆ.

ಸಿದ್ಧತೆಯ ಫಲವೇನು ಎಂಬುದಕ್ಕೆ ಒಡಿಶಾ ರಾಜ್ಯವೇ ನಿದರ್ಶನ. 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಮಡಿದರು. 2013ರ ಅಕ್ಟೋಬರಿನಲ್ಲಿ ಅದೇ ಕರಾವಳಿಗೆ ‘ಫೈಲಿನ್’ ಅಪ್ಪಳಿಸಿದಾಗ ಲಕ್ಷಾಂತರ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಿದ್ದರಿಂದ ಸಾವುಗಳು ಐವತ್ತನ್ನೂ ಮುಟ್ಟಲಿಲ್ಲ. ಮುನ್ಸೂಚನೆಯನ್ನು ನಂಬಿ ಸಕಾಲದಲ್ಲಿ ಕ್ರಮ ಕೈಗೊಂಡದ್ದು ಇದಕ್ಕೆ ಮುಖ್ಯ ಕಾರಣ.

ನೀರು ಎಲ್ಲಿಂದ ಬರುತ್ತದೆ?

ಪ್ರತಿಯೊಂದು ಊರಿನ ಅಪಾಯವೂ ಬೇರೆ. ಹೊಸದುರ್ಗ ತಾಲ್ಲೂಕಿನ ಮೂಲಕ ಹರಿದು ಬರುವ ವೇದಾವತಿ ಮಾರಿಕಣಿವೆಯಲ್ಲಿ ನಿಂತು, ಅಲ್ಲಿಂದ ಹಿರಿಯೂರು ಪಟ್ಟಣವನ್ನು ಹಾದು ಮುಂದೆ ಸಾಗುತ್ತದೆ. ಸುವರ್ಣಮುಖಿಯೂ ಹಿರಿಯೂರು ತಾಲ್ಲೂಕಿನಲ್ಲೇ ಅದನ್ನು ಕೂಡುತ್ತದೆ. ಆದ್ದರಿಂದ ಹಿರಿಯೂರಿನ ವರ್ತಕರು ಊರಿನ ಮಳೆಯನ್ನಷ್ಟೇ ನೋಡಿದರೆ ಸಾಲದು. ಮೇಲ್ಭಾಗದ ಕಡೂರು, ಹೊಸದುರ್ಗಗಳ ಮಳೆ ಮತ್ತು ಜಲಾಶಯದ ಮಟ್ಟವನ್ನೂ ದಿನನಿತ್ಯ ಗಮನಿಸಬೇಕು. ಊರಿನಲ್ಲಿ ಬಿಸಿಲಿದ್ದರೂ ನದಿಯಲ್ಲಿ ನೀರು ಏರಬಹುದು.

ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಗಮನಿಸಬೇಕಾದದ್ದು ಕೆರೆಗಳ ಸರಪಣಿ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವ ವ್ಯವಸ್ಥೆಯಲ್ಲಿ ಒಂದು ಏರಿ ಒಡೆದರೆ ಕೆಳಗಿನವುಗಳಿಗೂ ಅಪಾಯ. ವರ್ಷಗಟ್ಟಲೆ ಒಣಗಿದ್ದ ಹಳ್ಳದ ಪಾತ್ರದಲ್ಲಿ ಕಟ್ಟಿದ ಗೋದಾಮು, ಇಟ್ಟಿಗೆ ಗೂಡು, ಮರದ ಮಿಲ್ಲುಗಳು ಮೊದಲ ತುತ್ತಾಗುತ್ತವೆ.

ಚಿತ್ರದುರ್ಗ ನಗರದಲ್ಲಿ ನೀರು ಬರುವುದು ಬೆಟ್ಟದಿಂದ. ಕೋಟೆಯ ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡ, ಅಕ್ಕ–ತಂಗಿ ಹೊಂಡಗಳಲ್ಲಿ ಹಿಡಿದು, ಹೆಚ್ಚಾದದ್ದನ್ನು ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಇಳಿಸುವ ಏರ್ಪಾಟನ್ನು ಹಿಂದಿನವರು ಮಾಡಿದ್ದರು. ಬಂಡೆ ನೀರನ್ನು ಇಂಗಿಸಿಕೊಳ್ಳದು, ಅದು ಓಡಿ ಬಂದೇ ಬರುತ್ತದೆ ಎಂಬ ಅರಿವು ಈ ಏರ್ಪಾಟಿನ ಹಿಂದೆ ಇದೆ. ಆ ನೀರಿನ ದಾರಿಯನ್ನು ಮುಚ್ಚಿದ ಕಡೆಯಲ್ಲೆಲ್ಲ ಅದು ಬೇರೆ ದಾರಿ ಹುಡುಕುತ್ತದೆ. ಪೇಟೆಯ ತಗ್ಗಿನಲ್ಲಿರುವ ನೆಲಮಾಳಿಗೆಯ ಮಳಿಗೆಗಳು ಈ ಕಾರಣದಿಂದ ಹೆಚ್ಚು ಅಪಾಯದಲ್ಲಿರುತ್ತವೆ.

ರಸ್ತೆಯೂ ಗಮನಕ್ಕೆ ಬರಬೇಕು. ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಹಾದು ಹೋಗುತ್ತದೆ. ರೈಲು ಸರಕು ಚಿಕ್ಕಜಾಜೂರು ಜಂಕ್ಷನ್ ಮೂಲಕ ಸಾಗುತ್ತದೆ. ಸ್ವಂತ ಮಳಿಗೆಗೆ ನೀರು ನುಗ್ಗದಿದ್ದರೂ ಹಳ್ಳಿಯ ಸೇತುವೆ ಮುಳುಗಿದರೆ ಕಚ್ಚಾಮಾಲು ಬಾರದು, ಕಾರ್ಮಿಕರೂ ಬಾರರು.

ಮುನ್ಸೂಚನೆಯನ್ನು ಓದುವ ಬಗೆ

ಹವಾಮಾನ ಇಲಾಖೆ ಹಸಿರು, ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳಲ್ಲಿ ಎಚ್ಚರಿಕೆ ನೀಡುತ್ತದೆ. ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿ, ಕೆಂಪೆಂದರೆ ಕ್ರಮ ಕೈಗೊಳ್ಳಿ ಎಂದರ್ಥ. ಇಲಾಖೆಯ ಪರಿಭಾಷೆಯಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗಿನದು ‘ಭಾರಿ ಮಳೆ’, 115.6ರಿಂದ 204.4 ಮಿ.ಮೀ.ವರೆಗಿನದು ‘ಅತಿ ಭಾರಿ ಮಳೆ’, ಅದಕ್ಕೂ ಮೀರಿದ್ದು ‘ಅತ್ಯಧಿಕ ಮಳೆ’.

ಈ ಅಂಕಿಗಳನ್ನು ಸ್ವಂತ ಚಾವಣಿಗೆ ಅನ್ವಯಿಸಿ ನೋಡಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 100 ಅಡಿ ಉದ್ದ, 50 ಅಡಿ ಅಗಲದ ಶೆಡ್ಡಿನ ವಿಸ್ತೀರ್ಣ ಸುಮಾರು 465 ಚದರ ಮೀಟರ್. ‘ಭಾರಿ ಮಳೆ’ಯ ಕೆಳಮಿತಿಯಾದ 64.5 ಮಿ.ಮೀ. ಬಿದ್ದರೂ ಆ ಚಾವಣಿಯಿಂದ ಇಳಿಯುವ ನೀರು ಸುಮಾರು 30,000 ಲೀಟರ್, ಅಂದರೆ 6,000 ಲೀಟರಿನ ಐದು ಟ್ಯಾಂಕರ್. ಅಷ್ಟು ನೀರು ಎರಡು ಗಂಟೆಯಲ್ಲಿ ಬಿದ್ದರೆ ಈಗಿರುವ ದೋಣಿ, ಕೊಳವೆ, ಚರಂಡಿಗಳು ಅದನ್ನು ಹೊರಹಾಕಬಲ್ಲವೇ ಎಂಬುದನ್ನು ಪ್ರತಿಯೊಬ್ಬ ಮಾಲೀಕನೂ ಲೆಕ್ಕ ಹಾಕಬೇಕು.

ಕರ್ನಾಟಕದಲ್ಲಿ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಸಂಸ್ಥೆಯೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಬರವನ್ನು ಅಳೆಯಲು ಹುಟ್ಟಿದ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನು ಹೊಂದಿದ್ದು ಮಳೆ, ಸಿಡಿಲುಗಳ ಮಾಹಿತಿಯನ್ನೂ ನೀಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಮೊಬೈಲ್ ತಂತ್ರಾಂಶ ಸುತ್ತಲಿನ ಸಿಡಿಲಿನ ಎಚ್ಚರಿಕೆ ನೀಡುತ್ತದೆ. ಸಂಸ್ಥೆಯಲ್ಲಿ ಒಬ್ಬರನ್ನು ಹೆಸರಿಸಿ, ದಿನಕ್ಕೆ ಎರಡು ಬಾರಿ ಈ ಮಾಹಿತಿ ನೋಡುವ ಹೊಣೆಯನ್ನು ಅವರಿಗೆ ಒಪ್ಪಿಸಬೇಕು. ಎಲ್ಲರ ಹೊಣೆ ಎಂದು ಬಿಟ್ಟರೆ ಅದು ಯಾರ ಹೊಣೆಯೂ ಆಗದು.

ಕೆಲಸದ ಸ್ಥಳದ ಸಿದ್ಧತೆ

1. ಕಟ್ಟಡ: ತಗಡಿನ ಚಾವಣಿಯ ಬೋಲ್ಟು, ಕೊಕ್ಕೆಗಳನ್ನು ಬಿಗಿಗೊಳಿಸಬೇಕು. ಗಾಳಿ ಮೊದಲು ಎತ್ತುವುದು ಅಂಚಿನ ತಗಡುಗಳನ್ನು. ಚಾವಣಿಯ ಮೇಲೆ ಬಿಟ್ಟ ಕಲ್ಲು, ಹಳೆಯ ಕಬ್ಬಿಣ, ಖಾಲಿ ಡ್ರಮ್ಮುಗಳನ್ನು ತೆಗೆಯಬೇಕು. ನಾಮಫಲಕಗಳ ಚೌಕಟ್ಟನ್ನು ಪರೀಕ್ಷಿಸಬೇಕು. ದೋಣಿ ಮತ್ತು ಚರಂಡಿಗಳ ಹೂಳು ತೆಗೆಯಬೇಕು.

2. ದಾಸ್ತಾನು: ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಗಳ ಮೇಲೆ, ಗೋಡೆಯಿಂದ ಅಂತರವಿಟ್ಟು ಅಟ್ಟಿ ಹಾಕಬೇಕು. ಹಿಂದೆ ನೀರು ಬಂದಿದ್ದರೆ ಅದರ ಗುರುತನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಟ್ಟು, ಬೆಲೆಬಾಳುವ ಸರಕನ್ನು ಅದಕ್ಕಿಂತ ಮೇಲೆ ಇಡಬೇಕು. ಕೊಬ್ಬರಿ, ಅಡಿಕೆ, ಬೆಲ್ಲ, ಸಿಮೆಂಟ್, ರಸಗೊಬ್ಬರಗಳಿಗೆ ನೀರಷ್ಟೇ ಅಲ್ಲ, ತೇವವೂ ಶತ್ರು. ಟಾರ್ಪಾಲಿನ್‌ಗಳನ್ನು ಮಳೆ ಬಂದ ದಿನ ಹುಡುಕದೆ ಮೊದಲೇ ಬಿಡಿಸಿ ತೂತುಗಳನ್ನು ನೋಡಬೇಕು.

3. ಅಪಾಯದ ಸರಕು: ಸುಟ್ಟ ಸುಣ್ಣಕ್ಕೆ ನೀರು ತಗುಲಿದರೆ ತೀವ್ರ ಶಾಖ ಹುಟ್ಟಿ ಪಕ್ಕದ ಚೀಲ, ಮರಗಳಿಗೆ ಬೆಂಕಿ ಹತ್ತಬಹುದು. ಬೆಸುಗೆ ಅಂಗಡಿಗಳಲ್ಲಿ ಬಳಸುವ ಕಾರ್ಬೈಡ್‌ಗೆ ನೀರು ಬಿದ್ದರೆ ಉರಿಯುವ ಅಸಿಟಿಲಿನ್ ಅನಿಲ ಹೊರಡುತ್ತದೆ. ಒದ್ದೆಯಾದ ಹತ್ತಿಬೀಜ, ಹಿಂಡಿಗಳ ರಾಶಿ ಒಳಗೊಳಗೇ ಕಾವೇರಿ ಹೊತ್ತಿಕೊಳ್ಳಬಹುದು. ಇವುಗಳನ್ನು ಎತ್ತರದ, ಒಣ, ಪ್ರತ್ಯೇಕ ಕೊಠಡಿಯಲ್ಲಿಡಬೇಕು.

4. ವಿದ್ಯುತ್: ಸ್ವಿಚ್ ಬೋರ್ಡು ಮತ್ತು ಮೋಟಾರುಗಳನ್ನು ಸಾಧ್ಯವಾದಷ್ಟು ಎತ್ತರಕ್ಕೇರಿಸಬೇಕು. ಅರ್ಥಿಂಗ್ ಪರೀಕ್ಷಿಸಬೇಕು. ಮುಖ್ಯ ಸ್ವಿಚ್ ಎಲ್ಲಿದೆ ಎಂಬುದು ರಾತ್ರಿ ಕಾವಲುಗಾರನಿಗೂ ಗೊತ್ತಿರಬೇಕು. ಜನರೇಟರ್ ಇದ್ದಲ್ಲಿ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಅದಿಲ್ಲದಿದ್ದರೆ ಜನರೇಟರಿನ ವಿದ್ಯುತ್ ತಂತಿಗೆ ಹಿಂದಿರುಗಿ, ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಪ್ರಾಣಕ್ಕೆ ಎರವಾಗುತ್ತದೆ.

5. ದಾಖಲೆ: ವಿಮಾಪತ್ರ, ಉದ್ಯಮ್ ನೋಂದಣಿ, ಜಿ.ಎಸ್.ಟಿ. ದಾಖಲೆ, ಯಂತ್ರಗಳ ಬಿಲ್ಲು, ದಾಸ್ತಾನು ಪುಸ್ತಕ, ಬಾಕಿದಾರರ ಪಟ್ಟಿ, ಇವುಗಳ ಪ್ರತಿಗಳು ಬೇರೊಂದು ಊರಿನಲ್ಲಿ ಅಥವಾ ಅಂತರ್ಜಾಲ ಸಂಗ್ರಹದಲ್ಲಿ ಇರಬೇಕು. ಉದ್ರಿ ಪುಸ್ತಕ ನೀರಿನಲ್ಲಿ ಕರಗಿದರೆ ಕೈಗೆ ಬರಬೇಕಾದ ಹಣವೂ ಕರಗಿದಂತೆಯೇ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಗೋದಾಮು, ಯಂತ್ರಗಳ ಛಾಯಾಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಡಬೇಕು.

6. ಜನ: ಎಲ್ಲಕ್ಕಿಂತ ಮುಖ್ಯವಾದದ್ದು ಕಾರ್ಮಿಕರ ಸುರಕ್ಷತೆ. ಎಷ್ಟು ಎಚ್ಚರಿಕೆಗೆ ಕೆಲಸ ನಿಲ್ಲಿಸಬೇಕು, ನಿಲ್ಲಿಸುವ ಅಧಿಕಾರ ಯಾರಿಗೆ, ಹೊರಗಿನ ಊರುಗಳಿಂದ ಬರುವವರನ್ನು ಯಾವಾಗ ಮನೆಗೆ ಕಳಿಸಬೇಕು ಎಂಬುದನ್ನು ಬರೆದು ಗೋಡೆಗೆ ಅಂಟಿಸಬೇಕು. ಸಿಡಿಲಿನ ವೇಳೆ ಬಯಲಿನಲ್ಲಿ, ಮರದಡಿಯಲ್ಲಿ, ಲಾರಿಯ ಮೇಲೆ ಲೋಡಿಂಗ್ ನಡೆಸಬಾರದು. ನೀರು ನುಗ್ಗಿದ ಗೋದಾಮಿನಿಂದ ಚೀಲ ತರಲು ಹಮಾಲರನ್ನು ಕಳಿಸುವುದನ್ನು ಯಾವ ಲಾಭವೂ ಸಮರ್ಥಿಸದು.

ಸರ್ಕಾರಿ ಸಂಸ್ಥೆಗಳ ಪಾತ್ರ

2005ರ ವಿಪತ್ತು ನಿರ್ವಹಣಾ ಅಧಿನಿಯಮದ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವಿದ್ದು, ಅದು ಜಿಲ್ಲಾ ಯೋಜನೆಯನ್ನು ಸಿದ್ಧಪಡಿಸಬೇಕು. ಅಗತ್ಯ ಬಿದ್ದಾಗ ವಾಹನ, ಕಟ್ಟಡ, ಸಾಮಗ್ರಿಗಳನ್ನು ವಶಕ್ಕೆ ಪಡೆಯುವ ಅಧಿಕಾರವನ್ನು 65ನೇ ಕಲಂ ನೀಡಿದರೆ, ಅದಕ್ಕೆ ಪರಿಹಾರ ಕೊಡಬೇಕೆಂದು 66ನೇ ಕಲಂ ಹೇಳುತ್ತದೆ. ಲಾರಿ, ಜೆ.ಸಿ.ಬಿ., ಗೋದಾಮು, ಪಂಪ್‌ಸೆಟ್ ಇರುವ ಉದ್ಯಮಿಗಳು ಈ ವಿಷಯ ತಿಳಿದಿರಬೇಕು. ತಮ್ಮಲ್ಲಿರುವ ಸಾಧನಗಳ ಪಟ್ಟಿಯನ್ನು ಮೊದಲೇ ತಹಶೀಲ್ದಾರರ ಕಚೇರಿಗೆ ಒದಗಿಸಿದರೆ ಆಪತ್ತಿನ ದಿನ ಗೊಂದಲ ತಪ್ಪುತ್ತದೆ.

ವಾಣಿಜ್ಯ ಸಂಘಗಳು ಮಳೆಗಾಲಕ್ಕೆ ಮುನ್ನ ಸಂಬಂಧಿಸಿದ ಕಚೇರಿಗಳೊಂದಿಗೆ ಸಭೆ ನಡೆಸಿ ಈ ಕೆಳಗಿನ ವಿಷಯಗಳಿಗೆ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

• ಜಲಾಶಯದಿಂದ ಅಥವಾ ಕೆರೆಯಿಂದ ಹೆಚ್ಚು ನೀರು ಹರಿಯುವ ಮುನ್ನ ಪೇಟೆಗೆ ಎಚ್ಚರಿಕೆ ಯಾರಿಂದ, ಯಾವ ಮಾರ್ಗದಲ್ಲಿ, ಎಷ್ಟು ಗಂಟೆ ಮುಂಚಿತವಾಗಿ ಬರುತ್ತದೆ?
• ರಾಜಕಾಲುವೆ ಮತ್ತು ಪೇಟೆಯ ಚರಂಡಿಗಳ ಹೂಳು ಯಾವ ದಿನಾಂಕದೊಳಗೆ ತೆಗೆಯಲಾಗುತ್ತದೆ?
• ವಿದ್ಯುತ್ ಕಡಿತವಾದಾಗ ಬೆಸ್ಕಾಂ ಯಾವ ಕ್ರಮದಲ್ಲಿ ಸಂಪರ್ಕ ಮರುಸ್ಥಾಪಿಸುತ್ತದೆ? ಆಸ್ಪತ್ರೆ, ಕುಡಿಯುವ ನೀರಿನ ನಂತರ ಹಿಟ್ಟಿನ ಗಿರಣಿ, ಹಾಲು ಶೀತಲೀಕರಣ, ಪೆಟ್ರೋಲ್ ಬಂಕ್‌ಗಳ ಸ್ಥಾನವೇನು?
• ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಬಯಲಿಗೆ ಸುರಿದ ಮೆಕ್ಕೆಜೋಳ, ಈರುಳ್ಳಿ ರಾಶಿಗಳಿಗೆ ಹಠಾತ್ ಮಳೆಯಲ್ಲಿ ಆಸರೆ ಯಾವುದು?

ಕಚೇರಿಗಳೂ ತಮ್ಮ ಮನೆಯನ್ನು ಸರಿಪಡಿಸಿಕೊಳ್ಳಬೇಕು. ನೆಲಮಟ್ಟದ ದಾಖಲೆ ಕೊಠಡಿ, ಬ್ಯಾಟರಿ ಇಲ್ಲದ ಕಂಪ್ಯೂಟರ್, ಇಂಧನವಿಲ್ಲದ ಜನರೇಟರ್, ವರ್ಗವಾದ ಅಧಿಕಾರಿಯ ದೂರವಾಣಿ ಸಂಖ್ಯೆಯುಳ್ಳ ಪಟ್ಟಿ, ಇವೆಲ್ಲ ಆಪತ್ತಿನ ವೇಳೆ ಕೈಕೊಡುತ್ತವೆ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ತುರ್ತು ಸೇವೆಗೆ 112, ಬೆಸ್ಕಾಂಗೆ 1912 ಸಂಖ್ಯೆಗಳನ್ನು ಪ್ರತಿ ಮಳಿಗೆಯಲ್ಲಿ ಕಾಣುವಂತೆ ಬರೆದಿರಬೇಕು.

ವಿಮೆ: ಅಂಕಿಗಳಲ್ಲಿ ಅರ್ಥಮಾಡಿಕೊಳ್ಳಬೇಕಾದದ್ದು

ಸರ್ಕಾರಿ ಪರಿಹಾರದ ಮಿತಿಯನ್ನು ಮೊದಲು ಅರಿಯಬೇಕು. ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಮಾರ್ಗಸೂಚಿ ಪ್ರಾಣಹಾನಿ, ಮನೆ, ಬೆಳೆ, ಜಾನುವಾರುಗಳಿಗೆ, ಹಾಗೆಯೇ ನೇಕಾರರು ಮತ್ತು ಕುಶಲಕರ್ಮಿಗಳ ಉಪಕರಣಗಳಿಗೆ ನೆರವು ನೀಡುತ್ತದೆ. ಮೊಳಕಾಲ್ಮೂರಿನ ನೇಕಾರರಿಗೆ ಇದು ಅನ್ವಯಿಸಬಹುದು. ಆದರೆ ವರ್ತಕನ ದಾಸ್ತಾನಿಗೆ, ಕಾರ್ಖಾನೆಯ ಯಂತ್ರಕ್ಕೆ ಆ ಮಾರ್ಗಸೂಚಿಯನ್ನು ನೆಚ್ಚಿ ಕೂರುವಂತಿಲ್ಲ. ಆದ್ದರಿಂದ ವಿಮೆಯೇ ಮುಖ್ಯ ಆಸರೆ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ ಎರಡು ಪ್ರಮಾಣಿತ ವಿಮಾಪತ್ರಗಳು ಜಾರಿಗೆ ಬಂದವು. ಒಂದು ಸ್ಥಳದಲ್ಲಿ 5 ಕೋಟಿ ರೂ.ವರೆಗಿನ ಆಸ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, 5 ಕೋಟಿ ರೂ.ಗೆ ಮೇಲ್ಪಟ್ಟು 50 ಕೋಟಿ ರೂ.ವರೆಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’. ಬೆಂಕಿಯ ಜೊತೆಗೆ ಸಿಡಿಲು, ಬಿರುಗಾಳಿ, ಚಂಡಮಾರುತ, ಪ್ರವಾಹಗಳೂ ಇವುಗಳಲ್ಲಿ ಸೇರಿವೆ. ಬೇರೆ ಮಾದರಿಯ ವಿಮಾಪತ್ರವಿದ್ದರೆ ಬಿರುಗಾಳಿ ಮತ್ತು ಪ್ರವಾಹದ ರಕ್ಷಣೆ ಸೇರಿದೆಯೇ ಎಂದು ಓದಿ ನೋಡಬೇಕು. ವರ್ಷಗಳಿಂದ ಸೋರುತ್ತಿದ್ದ ಚಾವಣಿಯಿಂದಾದ ಹಾನಿಯನ್ನು, ಅಂದರೆ ನಿರ್ವಹಣೆಯ ಕೊರತೆಯನ್ನು, ವಿಮೆ ಹೊರದು.

ಸಾಮಾನ್ಯವಾಗಿ ನಡೆಯುವ ತಪ್ಪು ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸುವುದು. ಉದಾಹರಣೆಗೆ, ಗೋದಾಮಿನಲ್ಲಿರುವ ಸರಕಿನ ಬೆಲೆ 20 ಲಕ್ಷ ರೂ., ವಿಮಾ ಮೊತ್ತ 12 ಲಕ್ಷ ರೂ., ಹಾನಿ 5 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ಹಾನಿ ವಿಮಾ ಮೊತ್ತದೊಳಗೇ ಇರುವುದರಿಂದ ಪೂರ್ಣ 5 ಲಕ್ಷ ಸಿಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಆದರೆ ಅನುಪಾತದ ನಿಯಮದಂತೆ 12ನ್ನು 20ರಿಂದ ಭಾಗಿಸಿ 5 ಲಕ್ಷದಿಂದ ಗುಣಿಸಿದರೆ ಸಿಗುವುದು 3 ಲಕ್ಷ ರೂ. ಮಾತ್ರ. ಮೇಲಿನ ಪ್ರಮಾಣಿತ ವಿಮಾಪತ್ರಗಳಲ್ಲಿ ಕೊರತೆ ಶೇ. 15ರೊಳಗಿದ್ದರೆ ಅದನ್ನು ಮನ್ನಿಸಲಾಗುತ್ತದೆ. ಇಲ್ಲಿ ಕೊರತೆ ಶೇ. 40. ಸುಗ್ಗಿಯ ಕಾಲದಲ್ಲಿ ದಾಸ್ತಾನು ಹೆಚ್ಚುವ ಮಂಡಿ ವರ್ತಕರು ವಿಮಾ ಮೊತ್ತವನ್ನೂ ಆಗ ಹೆಚ್ಚಿಸಿಕೊಳ್ಳಬೇಕು. ವಿಮಾಪತ್ರದಲ್ಲಿ ಎಲ್ಲ ಗೋದಾಮುಗಳ ವಿಳಾಸ ಸರಿಯಾಗಿ ನಮೂದಾಗಿರಬೇಕು. ಬ್ಯಾಂಕಿಗೆ ಕೊಡುವ ದಾಸ್ತಾನು ತಃಖ್ತೆಯೂ ಸ್ವಂತ ಪುಸ್ತಕವೂ ತಾಳೆಯಾಗದಿದ್ದರೆ ಪರಿಹಾರದ ಅರ್ಜಿ ಅಲ್ಲೇ ಎಡವುತ್ತದೆ.

ತೆರಿಗೆಯ ವಿಷಯವೂ ಮುಖ್ಯ. ಕೇಂದ್ರ ಜಿ.ಎಸ್.ಟಿ. ಅಧಿನಿಯಮದ 17(5)ನೇ ಕಲಮಿನಂತೆ ನಾಶವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಹಿಂದಿರುಗಿಸಬೇಕಾಗುತ್ತದೆ. ಶೇ. 18ರ ದರದ 10 ಲಕ್ಷ ರೂ. ಬೆಲೆಯ ಸರಕು ನೀರುಪಾಲಾದರೆ ನಷ್ಟ 10 ಲಕ್ಷವಲ್ಲ, 11 ಲಕ್ಷ 80 ಸಾವಿರ ರೂ. ವಿಮಾ ಮೊತ್ತದಲ್ಲಿ ಈ ತೆರಿಗೆಯೂ ಸೇರುವಂತೆ ವಿಮಾ ಕಂಪನಿಯೊಂದಿಗೆ ಮೊದಲೇ ಮಾತನಾಡಿ ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.

ಹಾನಿಯ ನಂತರ: ಚೇತರಿಕೆಯ ಕ್ರಮ

ಮಳೆ ನಿಂತ ಕೂಡಲೇ ಬಾಗಿಲು ತೆರೆದು ಸ್ವಚ್ಛಗೊಳಿಸುವ ಆತುರ ಸಹಜ. ಆದರೆ ಕ್ರಮ ತಪ್ಪಿದರೆ ಪ್ರಾಣಕ್ಕೂ ಪರಿಹಾರಕ್ಕೂ ಕುತ್ತು ಬರುತ್ತದೆ.

ಮೊದಲು, ಮುಖ್ಯ ವಿದ್ಯುತ್ ಸ್ವಿಚ್ ಸುರಕ್ಷಿತವಾಗಿ ಮುಟ್ಟುವಂತಿದ್ದರೆ ಆರಿಸಬೇಕು, ಇಲ್ಲದಿದ್ದರೆ ಬೆಸ್ಕಾಂಗೆ ತಿಳಿಸಿ ಹೊರಗೇ ಕಾಯಬೇಕು. ಗೋಡೆ, ತೊಲೆಗಳನ್ನು ಪರೀಕ್ಷಿಸದೆ ಒಳಗೆ ಹೋಗಬಾರದು.

ಎರಡನೆಯದಾಗಿ, ಏನನ್ನೂ ಸರಿಸುವ ಮುನ್ನ ಛಾಯಾಚಿತ್ರ ಮತ್ತು ವಿಡಿಯೋ ತೆಗೆಯಬೇಕು. ಗೋಡೆಯ ಮೇಲಿನ ನೀರಿನ ಗುರುತು ಚಿತ್ರದಲ್ಲಿ ಕಾಣಬೇಕು.

ಮೂರನೆಯದಾಗಿ, ಅಂದೇ ವಿಮಾ ಕಂಪನಿಗೂ ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಸರ್ವೇಯರ್ ಬರುವ ತನಕ ಹಾಳಾದ ಸರಕನ್ನು ಎಸೆಯಬಾರದು. ಆದರೆ ಒಳ್ಳೆಯ ಸರಕನ್ನು ಬೇರ್ಪಡಿಸಿ ಒಣಗಿಸುವುದು ಮಾಲೀಕನ ಕರ್ತವ್ಯ. ಹಾನಿ ಹೆಚ್ಚಲು ಬಿಟ್ಟರೆ ವಿಮಾ ಕಂಪನಿ ಅದನ್ನು ಪ್ರಶ್ನಿಸಬಹುದು.

ನಾಲ್ಕನೆಯದಾಗಿ, ನೀರು ಹೊಕ್ಕ ಮೋಟಾರುಗಳನ್ನು ನೇರವಾಗಿ ಚಾಲನೆ ಮಾಡಬಾರದು. ಬಿಚ್ಚಿ, ಒಣಗಿಸಿ, ಮೆಗ್ಗರ್ ಉಪಕರಣದಿಂದ ನಿರೋಧಕತೆ ಪರೀಕ್ಷಿಸಿದ ಬಳಿಕವೇ ವಿದ್ಯುತ್ ಕೊಡಬೇಕು. ಒಂದು ದಿನದ ಆತುರ ವೈಂಡಿಂಗ್ ಸುಟ್ಟು ವಾರಗಳ ನಷ್ಟಕ್ಕೆ ತಿರುಗುತ್ತದೆ.

ಐದನೆಯದಾಗಿ, ನೆನೆದ ಶೇಂಗಾ, ಮೆಕ್ಕೆಜೋಳಗಳಲ್ಲಿ ಬೂಷ್ಟು ಹಿಡಿದು ವಿಷಕಾರಿ ಅಫ್ಲಾಟಾಕ್ಸಿನ್ ಬೆಳೆಯುತ್ತದೆ. ಒಣಗಿಸಿದರೆ ಬೂಷ್ಟು ನಿಲ್ಲಬಹುದು, ಉಂಟಾದ ವಿಷ ಹೋಗದು. ಅಂತಹ ಮಾಲನ್ನು ಒಳ್ಳೆಯದರೊಂದಿಗೆ ಬೆರೆಸಿ ಮಾರುವುದು ಆಹಾರ ಸುರಕ್ಷತಾ ಕಾನೂನಿಗೂ ವ್ಯಾಪಾರ ಧರ್ಮಕ್ಕೂ ವಿರುದ್ಧ. ಒಂದು ಲೋಡು ತಿರಸ್ಕೃತವಾದರೆ ಇಡೀ ಮಂಡಿಯ ಹೆಸರು ಕೆಡುತ್ತದೆ.

ಆರನೆಯದಾಗಿ, ಸಾಲ. ಪ್ರಕೃತಿ ವಿಕೋಪ ಪೀಡಿತವೆಂದು ಘೋಷಿತವಾದ ಪ್ರದೇಶಗಳಲ್ಲಿ ಸಾಲದ ಮರುಹೊಂದಿಕೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿ ಅವಕಾಶವಿದೆ. ಕಂತು ತಪ್ಪಿದ ಮೇಲೆ ಹೋಗುವ ಬದಲು ತಪ್ಪುವ ಮುನ್ನವೇ ಬ್ಯಾಂಕಿಗೆ ಅರ್ಜಿ ಕೊಡಬೇಕು. ವಾಣಿಜ್ಯ ಸಂಘವು ಸದಸ್ಯರ ಹಾನಿಯ ಪಟ್ಟಿಯನ್ನು ಒಟ್ಟುಗೂಡಿಸಿ ಜಿಲ್ಲೆಯ ಅಗ್ರಣಿ ಬ್ಯಾಂಕಿಗೆ ಸಲ್ಲಿಸಿದರೆ ಒಬ್ಬೊಬ್ಬರೇ ಅಲೆಯುವುದಕ್ಕಿಂತ ಪರಿಣಾಮಕಾರಿ.

ಕೊನೆಯದಾಗಿ, ಗಿರಾಕಿ. ಯಾವ ದಿನ ಸರಬರಾಜು ಮತ್ತೆ ಆರಂಭವಾಗುತ್ತದೆ ಎಂಬುದನ್ನು ನಿಜವಾಗಿ ತಿಳಿಸಿದರೆ ಗಿರಾಕಿ ಕಾಯುತ್ತಾನೆ. ಏನೂ ತಿಳಿಸದಿದ್ದರೆ ಬೇರೆ ಅಂಗಡಿಗೆ ಹೋಗುತ್ತಾನೆ. ನೆರೆಹೊರೆಯ ಊರುಗಳ ಸಮಾನ ವ್ಯವಹಾರಸ್ಥರು ಪರಸ್ಪರ ಒಪ್ಪಂದ ಮಾಡಿಕೊಂಡು, ಹಿರಿಯೂರಿನ ಗೋದಾಮು ಮುಳುಗಿದರೆ ಹೊಳಲ್ಕೆರೆಯಿಂದ, ಹೊಸದುರ್ಗದ ಗಿರಣಿ ನಿಂತರೆ ಚಿತ್ರದುರ್ಗದಿಂದ ಮಾಲು ಒದಗಿಸುವ ಏರ್ಪಾಟು ಮಾಡಿಕೊಂಡರೆ ಇಬ್ಬರ ಗಿರಾಕಿಗಳೂ ಉಳಿಯುತ್ತಾರೆ.

ಸ್ವಯಂ ಪರಿಶೀಲನೆಗೆ ಹತ್ತು ಪ್ರಶ್ನೆಗಳು

1. ನಮ್ಮ ಮಳಿಗೆಗೆ ನೀರು ಬಂದರೆ ಯಾವ ದಿಕ್ಕಿನಿಂದ ಬರುತ್ತದೆ?
2. ಚಾವಣಿಯ ನೀರು ಹೊರಹೋಗುವ ದಾರಿ ಸಾಕಷ್ಟು ಅಗಲವಿದೆಯೇ?
3. ಅತಿ ಬೆಲೆಬಾಳುವ ಸರಕು ನೆಲದಿಂದ ಎಷ್ಟು ಎತ್ತರದಲ್ಲಿದೆ?
4. ನೀರು ತಗುಲಿದರೆ ಬೆಂಕಿ ಅಥವಾ ಅನಿಲ ಹುಟ್ಟಿಸುವ ವಸ್ತುಗಳು ಇವೆಯೇ?
5. ಮುನ್ಸೂಚನೆ ನೋಡುವ ಹೊಣೆ ಯಾರದು? ಅವರ ಗೈರುಹಾಜರಿಯಲ್ಲಿ ಯಾರು?
6. ಕೆಲಸ ನಿಲ್ಲಿಸುವ ಅಧಿಕಾರ ರಾತ್ರಿ ಪಾಳಿಯಲ್ಲಿ ಯಾರಿಗಿದೆ?
7. ಲೆಕ್ಕಪುಸ್ತಕಗಳ ಪ್ರತಿ ಊರಿನ ಹೊರಗೆ ಇದೆಯೇ?
8. ವಿಮಾ ಮೊತ್ತ ಇಂದಿನ ದಾಸ್ತಾನಿನ ಬೆಲೆಗೆ ಸರಿಹೊಂದುತ್ತದೆಯೇ?
9. ವಿಮಾಪತ್ರದಲ್ಲಿ ಎಲ್ಲ ಗೋದಾಮುಗಳ ವಿಳಾಸ ಇದೆಯೇ?
10. ಹತ್ತು ದಿನ ವ್ಯವಹಾರ ನಿಂತರೆ ಕೂಲಿ, ಬಾಡಿಗೆ, ಕಂತು ಕಟ್ಟಲು ಕೈಯಲ್ಲಿ ಹಣವಿದೆಯೇ?

ಈ ಹತ್ತರಲ್ಲಿ ಆರಕ್ಕಿಂತ ಕಡಿಮೆ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರವಿದ್ದರೆ ಆ ಸಂಸ್ಥೆ ಮುಂದಿನ ಮಳೆಗಾಲಕ್ಕೆ ಸಿದ್ಧವಾಗಿಲ್ಲವೆಂದೇ ತಿಳಿಯಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ದೊಡ್ಡ ಬಂಡವಾಳವಲ್ಲ, ಒಂದು ದಿನದ ಗಮನ. ಬರಕ್ಕೆಂದು ಒಂದಿಷ್ಟು ಕಾಳು, ಒಂದಿಷ್ಟು ಹಣವನ್ನು ಕಟ್ಟಿಡುವ ವಿವೇಕ ಈ ಜಿಲ್ಲೆಯ ಮನೆಮನೆಯಲ್ಲಿದೆ. ಅದೇ ವಿವೇಕವನ್ನು ಬಿರುಮಳೆಗೂ ವಿಸ್ತರಿಸುವುದು ಇಂದಿನ ಅಗತ್ಯ.